ಸನ್‌ರೂಫಾ, ಡಿಫ್ ಲಾಕಾ? ಓದುಗರ ಪ್ರಶ್ನೆಗೆ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷ್ಯ, ಆಫ್‌ರೋಡ್ ಗಾಡಿ ತಗೋಬೇಕು, ಯಾವ ವೇರಿಯಂಟು, ಯಾವ ಆಪ್ಷನ್ನು ಅಂತ. ಅದಕ್ಕೇ ಅವನ್ನಷ್ಟೇ ತಗೊಂಡಿದೀನಿ. ಮೈಲೇಜು, ಇನ್ಶೂರೆನ್ಸು ಅಂತ ಬರೆದವ್ರು ಮುಂದಿನ ಸಂಚಿಕೆ ತನಕ ಸ್ವಲ್ಪ ತಡ್ಕೊಳ್ಳಿ.

ಪ್ರಶ್ನೆ: ಸರ್, ಮೊದಲನೇ ಸಲ ಆಫ್‌ರೋಡ್ ಗಾಡಿ ತಗೋತಿದೀವಿ. ನಮ್ಮ ಬಜೆಟ್‌ಗೆ ಎರಡು ಕೂರುತ್ತೆ. ಒಂದು ಬೇಸ್ ವೇರಿಯಂಟ್, ಆದ್ರೆ ಫೋರ್ ಬೈ ಫೋರ್, ನಾಲ್ಕೂ ಚಕ್ರಕ್ಕೆ ಪವರ್. ಇನ್ನೊಂದು ಟಾಪ್ ಎಂಡ್, ಆದ್ರೆ ಟೂ ವೀಲ್ ಡ್ರೈವ್. ನಮ್ಮೆಜಮಾನ್ರಿಗೆ ಸನ್‌ರೂಫು, ದೊಡ್ಡ ಸ್ಕ್ರೀನು ಬೇಕಂತೆ. ನನಗೆ ಗುಡ್ಡ ಹತ್ತೋ ಗಾಡಿ ಬೇಕು. ನೀವೇ ಜಗಳ ಬಿಡ್ಸಿ.
– ಹೆಸರು ಹಾಕ್ಬೇಡಿ ಅಂದವರು

ಉತ್ತರ: ಅಮ್ಮಾ, ಗಂಡ ಹೆಂಡ್ತಿ ಜಗಳಕ್ಕೆ ಬಾಯಿ ಹಾಕೋ ಧೈರ್ಯ ನನಗಿಲ್ಲ, ಗಾಡಿ ಜಗಳ ಆದ್ರೆ ಬಿಡಿಸ್ತೀನಿ. ಮೊದ್ಲು ಇಬ್ರೂ ಕೂತು ಹೋದ ವರ್ಷ ಡಾಂಬರು ಬಿಟ್ಟು ಎಷ್ಟು ದಿನ ಗಾಡಿ ಓಡಿಸಿದ್ರಿ ಅಂತ ಲೆಕ್ಕ ಹಾಕಿ. ಮುಂದೆ ಓಡಿಸ್ತೀವಿ ಅನ್ನೋ ಕನಸಿನ ಲೆಕ್ಕ ಬೇಡ, ಓಡ್ಸಿದ್ದು ಎಷ್ಟು ಅಂತ. ಆ ದಾರಿ ಬರೀ ಜಲ್ಲಿ ಮಣ್ಣಿನದಾಗಿದ್ರೆ, ಗುಂಡಿಗೆ ತಳ ತಾಗದಷ್ಟು ಎತ್ತರ ಇದ್ದು ಟೈರ್ ಚೆನ್ನಾಗಿದ್ರೆ ಟೂ ವೀಲ್ ಡ್ರೈವೇ ಸಾಕು, ಯಜಮಾನ್ರೇ ಗೆದ್ರು. ಒದ್ದೆ ಕೆಸರು, ಸಡಿಲ ಮರಳು, ಕಲ್ಲು ಹಾಸಿದ ಏರು, ಇದ್ರಲ್ಲಿ ಒಂದಾದ್ರೂ ವರ್ಷಕ್ಕೆ ನಾಕೈದು ಸಲ ಸಿಗುತ್ತೆ ಅಂದ್ರೆ ಮುಂದಿಂದು ಓದಿ.

ವೇರಿಯಂಟ್ ಪಟ್ಟಿ ಕೈಗೆ ಬಂದಾಗ ನಾನು ಪೆನ್ ತಗೊಂಡು ಒಂದೊಂದೇ ಐಟಂ ಮುಂದೆ ಗುರುತು ಹಾಕ್ತೀನಿ, ಇದನ್ನ ಆಮೇಲೆ ಹಾಕ್ಸೋಕಾಗುತ್ತಾ ಇಲ್ವಾ ಅಂತ ಅಷ್ಟೇ. ಸ್ಕ್ರೀನ್ ಒಂದು ಮಧ್ಯಾಹ್ನದ ಕೆಲ್ಸ. ಸೀಟ್ ಕವರು, ಸ್ಪೀಕರು, ಫಾಗ್ ಲ್ಯಾಂಪು, ರಿವರ್ಸ್ ಕ್ಯಾಮೆರಾ, ಅಲಾಯ್ ವೀಲು, ಎಲ್ಲಾ ಆಮೇಲೆ ಬರುತ್ತೆ. ಫೋರ್ ಬೈ ಫೋರ್ ಬರಲ್ಲ. ಅದಕ್ಕೆ ಎಂಜಿನ್ ಬಲವನ್ನ ಮುಂದಕ್ಕೂ ಹಿಂದಕ್ಕೂ ಹಂಚೋ ಟ್ರಾನ್ಸ್‌ಫರ್ ಕೇಸ್ ಬೇಕು, ಎಡ ಬಲ ಚಕ್ರಕ್ಕೆ ಬಲ ಹಂಚೋ ಡಿಫರೆನ್ಷಿಯಲ್ ಮುಂದೆ ಇನ್ನೊಂದು ಬೇಕು, ಅಲ್ಲಿಗೆ ಹೋಗೋ ಶಾಫ್ಟ್ ಬೇಕು, ಹಬ್ಬು, ಆಕ್ಸಲ್ಲು, ಎಲೆಕ್ಟ್ರಾನಿಕ್ಸು ಎಲ್ಲಾ ಬದಲಾಗ್ಬೇಕು, ಅಷ್ಟು ಮಾಡೋ ಬದ್ಲು ಗಾಡೀನೇ ಮಾರಿ ಬೇರೆ ತಗೊಳ್ಳೋದು ಸುಲಭ. ಮಹೀಂದ್ರ ಥಾರ್‌ನಲ್ಲಿ 2023ರಲ್ಲಿ ಟೂ ವೀಲ್ ಡ್ರೈವ್ ಬಂತಲ್ಲ, ದೂರದಿಂದ ನೋಡಿದ್ರೆ ಅದೇ ಮುಖ ಅದೇ ಗತ್ತು, ಆದ್ರೆ ಪವರ್ ಹೋಗೋದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಅದು ಕೆಟ್ಟ ಗಾಡಿ ಅಂತ ನಾನು ಹೇಳ್ತಿಲ್ಲ, ಊರೊಳಗೆ ಓಡಿಸೋವ್ರಿಗೆ ಸುಮ್ನೆ ಮುಂದಿನ ಆಕ್ಸಲ್ ಭಾರ ಹೊತ್ಕೊಂಡು ತಿರುಗೋದು ಯಾಕೆ. ಕೆಸರಿನ ಏರಲ್ಲಿ ಹಿಂದಿನ ಚಕ್ರ ಗಿರ್ರಂತ ತಿರುಗೋಕೆ ಶುರು ಮಾಡ್ದಾಗ ಮಾತ್ರ ವ್ಯತ್ಯಾಸ ಗೊತ್ತಾಗುತ್ತೆ.

ಹಾಗಂತ ಬೇಸ್ ವೇರಿಯಂಟ್‌ಗೆ ಕಣ್ಮುಚ್ಕೊಂಡು ಸೈ ಅನ್ಬೇಡಿ. ಏರ್‌ಬ್ಯಾಗು, ಸ್ಟೆಬಿಲಿಟಿ ಕಂಟ್ರೋಲು, ಇವೆರಡೂ ಆಮೇಲೆ ಹಾಕ್ಸೋಕಾಗದ ಪಟ್ಟಿಗೇ ಸೇರಿದ್ವು. ಎತ್ತರದ ಗಾಡಿ, ಭಾರ ಮೇಲಿರುತ್ತೆ, ಹೈವೇಲಿ ಸಡನ್ನಾಗಿ ಸ್ಟೇರಿಂಗ್ ಎಳೆದ್ರೆ ಕಾಪಾಡೋದು ಸ್ಟೆಬಿಲಿಟಿ ಕಂಟ್ರೋಲೇ. ಬೇಸಲ್ಲಿ ಅದಿಲ್ಲ, ಮಿಡ್ಡಲ್ಲಿ ಇದೆ ಅಂದ್ರೆ ಮಿಡ್ಡಿಗೆ ಹೋಗಿ, ಆರು ತಿಂಗಳು ತಡ ಆದ್ರೂ ಪರ್ವಾಗಿಲ್ಲ.

ಕೆಲವು ಕಂಪನಿಗಳಲ್ಲಿ ಈ ತಲೆಬಿಸಿನೇ ಇರಲ್ಲ. ಮಾರುತಿಯ ಐದು ಬಾಗಿಲಿನ ಜಿಮ್ನಿ ತಗೊಳ್ಳಿ, ಜೀಟಾ, ಆಲ್ಫಾ ಅಂತ ಎರಡು ವೇರಿಯಂಟ್. ಎರಡರಲ್ಲೂ ಅದೇ ಫೋರ್ ಬೈ ಫೋರ್, ನಿಧಾನಕ್ಕೆ ಜಾಸ್ತಿ ಬಲ ಕೊಡೋ ಅದೇ ಲೋ ರೇಂಜ್ ಲಿವರ್, ಅದೇ 195/80 ಆರ್15 ಟೈರು, ಅದೇ ಆರು ಏರ್‌ಬ್ಯಾಗ್. ಆಲ್ಫಾದಲ್ಲಿ ಹೆಚ್ಚಿಗೆ ಬರೋದು ಅಲಾಯ್, ಎಲ್‌ಇಡಿ ಹೆಡ್‌ಲೈಟು, ದೊಡ್ಡ ಸ್ಕ್ರೀನು, ಕ್ರೂಸ್ ಕಂಟ್ರೋಲ್, ಆಟೋ ಎಸಿ, ಹೀಗೆ. ಗುಡ್ಡದ ಮೇಲೆ ಎರಡೂ ಒಂದೇ. ಅಂಥ ಗಾಡಿ ಆದ್ರೆ ಜೇಬು ನೋಡ್ಕೊಂಡು ಯಾವುದಾದ್ರೂ ತಗೊಳ್ಳಿ.

ನ್ಯಾಯವಾಗಿ ಇನ್ನೊಂದು ಮಾತು, ಸನ್‌ರೂಫ್ ಕೂಡ ಆಮೇಲೆ ಹಾಕ್ಸೋ ವಸ್ತು ಅಲ್ಲ, ಹೊರಗಡೆ ಛಾವಣಿ ಕೊಯ್ಸಿದ್ರೆ ಮಳೆಗಾಲದಲ್ಲಿ ತಲೆ ಮೇಲೆ ತೊಟ್ಟಿಕ್ಕುತ್ತೆ. ಹಾಗಾಗಿ ಯಜಮಾನ್ರ ವಾದದಲ್ಲೂ ಹುರುಳಿದೆ. ಆದ್ರೆ ಆ ಗಾಜು, ಮೋಟ್ರು ಎಲ್ಲಾ ಗಾಡಿಯ ನೆತ್ತಿ ಮೇಲೆ ಕೂರೋ ತೂಕ, ಮರದ ಕೊಂಬೆ ಬಡಿಯೋದೂ ಅಲ್ಲಿಗೇ. ನನ್ನ ಓಟು ನಿಮಗೆ.

ಪ್ರಶ್ನೆ: ಬ್ರೋಷರಲ್ಲಿ ಒಂದು ವೇರಿಯಂಟ್‌ಗೆ 'ಬ್ರೇಕ್ ಲಾಕಿಂಗ್ ಡಿಫರೆನ್ಷಿಯಲ್' ಅಂತಿದೆ, ಮೇಲಿನದಕ್ಕೆ 'ಲಾಕಿಂಗ್ ರಿಯರ್ ಡಿಫರೆನ್ಷಿಯಲ್' ಅಂತಿದೆ. ಸೇಲ್ಸ್‌ನವ್ರು ಎರಡೂ ಒಂದೇ ಸಾರ್ ಅಂತಾರೆ. ಹೌದಾ?
– ಗೊಂದಲದಲ್ಲಿರೋ ಓದುಗ

ಉತ್ತರ: ಒಂದೇ ಅಲ್ಲ. ಒಂದೇ ಆಗಿದ್ರೆ ಮೇಲಿನದಕ್ಕೆ ಜಾಸ್ತಿ ದುಡ್ಡು ಯಾಕೆ ಕೇಳ್ತಾರೆ ಅಂತ ಅವ್ರನ್ನೇ ಕೇಳ್ಬೇಕಿತ್ತು ನೀವು.

ಡಿಫರೆನ್ಷಿಯಲ್ ಇರೋದು ತಿರುವಲ್ಲಿ ಹೊರಗಿನ ಚಕ್ರ ಜಾಸ್ತಿ, ಒಳಗಿನದು ಕಮ್ಮಿ ತಿರುಗ್ಲಿ ಅಂತ. ಅದ್ರ ಗುಣ ಏನಂದ್ರೆ ಎರಡೂ ಕಡೆಗೆ ಸಮ ಬಲ ಕೊಡುತ್ತೆ. ಕೇಳೋಕೆ ಚೆನ್ನಾಗಿದೆ, ಆದ್ರೆ ಒಂದು ಚಕ್ರ ಗಾಳೀಲಿ ನೇತಾಡ್ತಿದ್ರೆ ಅದನ್ನ ತಿರುಗ್ಸೋಕೆ ಬೇಕಾಗೋ ಬಲ ಹೆಚ್ಚೂಕಮ್ಮಿ ಸೊನ್ನೆ, ನೆಲದ ಮೇಲಿರೋ ಇನ್ನೊಂದಕ್ಕೂ ಅಷ್ಟೇ ಸಿಗೋದು. ಗಾಳೀಲಿರೋದು ಗಿರಗಿರ ತಿರುಗ್ತಾ ಇರುತ್ತೆ, ನೆಲದ ಮೇಲಿರೋದು ಕಲ್ಲಿನ ಬಸವನ ಥರ ಕೂತಿರುತ್ತೆ. ಫೋರ್ ಬೈ ಫೋರ್ ಇದ್ರೂ ಗತಿ ಇದೇ. ಮುಂದಿನ ಎಡ, ಹಿಂದಿನ ಬಲ ಒಟ್ಟಿಗೆ ಎದ್ದರೆ ನಾಲ್ಕು ಚಕ್ರದ ಗಾಡಿ ನಿಂತಲ್ಲೇ ನಿಲ್ಲುತ್ತೆ.

ಬ್ರೇಕ್ ಸಿಸ್ಟಂ ಮಾಡೋದು ಏನಂದ್ರೆ, ಸುಮ್ನೆ ತಿರುಗ್ತಿರೋ ಚಕ್ರವನ್ನ ಸೆನ್ಸರ್ ಮೂಲಕ ಕಂಡುಹಿಡಿದು ಅದಕ್ಕೆ ಮಾತ್ರ ಬ್ರೇಕ್ ಹಾಕುತ್ತೆ, ಆಗ ಆ ಕಡೆ ವಿರೋಧ ಜಾಸ್ತಿ ಆಗಿ ಈ ಕಡೆಗೂ ಬಲ ಬರುತ್ತೆ. ಚೆನ್ನಾಗೇ ಕೆಲಸ ಮಾಡುತ್ತೆ, ಜಿಮ್ನಿಯಂಥ ಹಗುರ ಗಾಡೀಲಿ ತುಂಬಾನೇ ಚೆನ್ನಾಗಿ. ಆದ್ರೆ ಚಕ್ರ ಮೊದ್ಲು ಜಾರ್ಬೇಕು, ಆಮೇಲೆ ಅದು ಎಚ್ಚರ ಆಗೋದು. ಆ ಅರ್ಧ ಕ್ಷಣ ಕಾಲು ಎತ್ತದೆ ಆಕ್ಸಿಲರೇಟರ್ ಒತ್ತಿ ಹಿಡೀಬೇಕು, ಹೊಸಬರು ಅಲ್ಲೇ ಹೆದರಿ ಕಾಲು ತೆಗೀತಾರೆ, ಗಾಡಿ ಹಿಂದಕ್ಕೆ ಜಾರುತ್ತೆ. ತುಂಬಾ ಹೊತ್ತು ಹೀಗೇ ಮಾಡಿಸಿದ್ರೆ ಬ್ರೇಕ್ ಕಾದು, ಎಷ್ಟೋ ಗಾಡಿಗಳಲ್ಲಿ ಸಿಸ್ಟಂ ತಾನೇ ಸ್ವಲ್ಪ ಹೊತ್ತು ರಜಾ ತಗೊಳ್ಳುತ್ತೆ. ಲಾಕರ್, ಅಂದ್ರೆ ಆ ಲಾಕಿಂಗ್ ಡಿಫರೆನ್ಷಿಯಲ್, ಇದ್ರೆ ಕಲ್ಲಿನ ಮುಂದೆ ನಿಂತು ಸ್ವಿಚ್ ಒತ್ತಿದ್ರೆ ಎರಡೂ ಚಕ್ರ ಒಂದೇ ಸರಳಿಗೆ ಬೆಸುಗೆ ಹಾಕ್ದಂಗೆ ಒಟ್ಟಿಗೆ ತಿರುಗುತ್ತೆ, ಜಾರೋಕೆ ಮುಂಚೇನೇ. ಮುಗೀತು, ಇರುವೆ ನಡೆದಂಗೆ ಹತ್ತುತ್ತೆ. ಒಣ ಡಾಂಬರಲ್ಲಿ ಮಾತ್ರ ಲಾಕ್ ಹಾಕ್ಕೊಂಡು ತಿರುಗಿಸ್ಬೇಡಿ, ಟೈರ್ ಕಿರುಚುತ್ತೆ, ಆಕ್ಸಲ್‌ಗೂ ಒಳ್ಳೇದಲ್ಲ.

ಒಂದೇ ಲಾಕರ್ ಸಿಗೋದಾದ್ರೆ ಹಿಂದಿನದು ಇರ್ಲಿ. ಏರು ಹತ್ತುವಾಗ ಭಾರ ಹಿಂದಕ್ಕೆ ಬೀಳುತ್ತೆ, ಜೊತೆಗೆ ಮುಂದಿನದು ಲಾಕ್ ಆದ್ರೆ ಸ್ಟೇರಿಂಗ್ ಕಲ್ಲಾಗುತ್ತೆ.

ಲಾಕರ್ ಜೊತೆ ಲೋ ರೇಂಜ್ ಅನುಪಾತಾನೂ ನೋಡಿ, ಅದನ್ನ ಯಾರೂ ನೋಡಲ್ಲ. ಜೀಪ್ ರ‍್ಯಾಂಗ್ಲರ್‌ನಲ್ಲಿ ಸ್ಪೋರ್ಟ್ ವೇರಿಯಂಟ್ ಅಂದ್ರೆ ಟ್ರಾನ್ಸ್‌ಫರ್ ಕೇಸ್‌ನ ಲೋ ರೇಂಜ್ 2.72, ರೂಬಿಕಾನ್ ವೇರಿಯಂಟ್ ಅಂದ್ರೆ 4. ಎಂಟು ಗೇರಿನ ಆಟೋಮ್ಯಾಟಿಕ್‌ನ ಮೊದಲನೇ ಗೇರ್ 4.71. ಸ್ಪೋರ್ಟ್‌ನ ಆಕ್ಸಲ್ ಅನುಪಾತ 3.45 ಇದ್ರೆ ಮೂರನ್ನೂ ಗುಣಿಸಿದಾಗ ಸುಮಾರು 44, ರೂಬಿಕಾನ್‌ನ ಆಕ್ಸಲ್ 4.10, ಗುಣಿಸಿದ್ರೆ 77. ಇದಕ್ಕೇ ಕ್ರಾಲ್ ರೇಷಿಯೋ ಅನ್ನೋದು. ಚಕ್ರ ಒಂದು ಸುತ್ತು ಹಾಕೋ ಹೊತ್ತಿಗೆ ಎಂಜಿನ್ 77 ಸುತ್ತು, ಅಂದ್ರೆ ಬ್ರೇಕ್ ಮುಟ್ಟದೆ ನಡ್ಕೊಂಡು ಹೋಗೋವ್ರಿಗಿಂತ ನಿಧಾನ ಇಳಿಯುತ್ತೆ. ಅದ್ರ ಮೇಲೆ ರೂಬಿಕಾನ್‌ಗೆ ಮುಂದೆ ಹಿಂದೆ ಎರಡೂ ಲಾಕರ್, ಗಾಡಿ ಓಲಾಡದಂಗೆ ಎಡ ಬಲ ಚಕ್ರ ಹಿಡಿದಿಡೋ ಮುಂದಿನ ಸ್ವೇ ಬಾರ್ ಸ್ವಿಚ್ಚಲ್ಲೇ ಬಿಡಿಸ್ಬೋದು. ಇವನ್ನೆಲ್ಲ ಸ್ಪೋರ್ಟ್ ತಗೊಂಡು ಹೊರಗಡೆ ಒಂದೊಂದಾಗಿ ಹಾಕ್ಸೋಕೆ ಹೋದವ್ರು ಕೊನೆಗೆ ರೂಬಿಕಾನ್‌ಗಿಂತ ಜಾಸ್ತಿ ಖರ್ಚು ಮಾಡಿರ್ತಾರೆ, ವಾರಂಟಿ ಮಾತು ಬೇರೆ. ಬಂಡೆ ಹತ್ತಲ್ಲ ಅನ್ನೋವ್ರಿಗೆ ಸ್ಪೋರ್ಟೇ ಧಾರಾಳ ಆಯ್ತು.

ಪ್ರಶ್ನೆ: ಟಾಪ್ ವೇರಿಯಂಟ್‌ಗೆ 19 ಇಂಚಿನ ಅಲಾಯ್, ಕೆಳಗಿನದಕ್ಕೆ 16 ಇಂಚಿನ ಸ್ಟೀಲ್ ರಿಮ್. ದೊಡ್ಡ ಚಕ್ರ ಆದ್ರೆ ಗಾಡಿ ಎತ್ತರ ಆಗುತ್ತಲ್ವಾ, ಅದೇ ತಾನೇ ಒಳ್ಳೇದು?
– ಎತ್ತರ ಇಷ್ಟಪಡೋವ್ರು

ಉತ್ತರ: ಎಲ್ರೂ ಮಾಡೋ ತಪ್ಪು ಇದು. ರಿಮ್ ದೊಡ್ಡದಾದ್ರೆ ಚಕ್ರ ದೊಡ್ಡದಾಗ್ಬೇಕು ಅಂತೇನಿಲ್ಲ, ರಬ್ಬರ್ ಕಮ್ಮಿ ಆಗುತ್ತೆ. 255/70 ಆರ್16 ಟೈರು, 255/55 ಆರ್19 ಟೈರು, ಎರಡನ್ನೂ ಪಕ್ಕದಲ್ಲಿ ನಿಲ್ಲಿಸಿದ್ರೆ ಎತ್ತರ ಒಂದೇ, ಸುಮಾರು 763 ಮಿಲಿಮೀಟರ್. ಆದ್ರೆ ರಿಮ್ಮಿಂದ ನೆಲದ ತನಕ ಇರೋ ರಬ್ಬರ್ ಮೊದಲನೇದ್ರಲ್ಲಿ 178, ಎರಡನೇದ್ರಲ್ಲಿ 140. ಹೆಚ್ಚೂಕಮ್ಮಿ ನಾಲ್ಕು ಸೆಂಟಿಮೀಟರ್ ಮೆತ್ತೆ ಹೋಯ್ತು.

ಆ ಮೆತ್ತೆ ಬೇಕಾಗೋದು ಮರಳಲ್ಲಿ. 32 ಪಿಎಸ್‌ಐ ಇರೋ ಗಾಳಿನ 18ಕ್ಕೆ ಇಳಿಸಿದಾಗ ಟೈರಿನ ಹೊಟ್ಟೆ ಉಬ್ಬಿ, ನೆಲಕ್ಕೆ ತಾಗೋ ಜಾಗ ಉದ್ದಕ್ಕೆ ಹರಡುತ್ತೆ, ಹೂತು ಹೋಗ್ತಿದ್ದ ಗಾಡಿ ತೇಲ್ದಂಗೆ ಹೋಗುತ್ತೆ. ತೆಳು ಟೈರಲ್ಲಿ ಅಷ್ಟು ಇಳಿಸಿದ್ರೆ ಒಂದು ಕಲ್ಲು ಸಿಕ್ಕಿದ್ರೂ ರಿಮ್ ಅಂಚೇ ಹೋಗಿ ಹೊಡೆಯುತ್ತೆ. ನಾನು ಈ ಪಾಠ ಕಲಿತಿದ್ದು ಸುಲಭಕ್ಕಲ್ಲ. ಒಂದು ಸಲ ನೋಡೋಕೆ ಚೆಂದ ಅಂತ ದೊಡ್ಡ ಅಲಾಯ್ ಇರೋ ಟಾಪ್ ಎಂಡೇ ತಗೊಂಡಿದ್ದೆ, ಯಾವ ಕಂಪನಿ ಅಂತ ಬೇಡ ಬಿಡಿ. ಮೂರನೇ ತಿಂಗಳು ಒಂದು ಚೂಪು ಕಲ್ಲು ಟೈರಿನ ಪಕ್ಕೆಗೆ ಬೆರಳು ತೂರೋ ಅಷ್ಟು ಸೀಳು ಮಾಡ್ತು. ಪಕ್ಕೆ ಸೀಳಿದ್ರೆ ಪಂಕ್ಚರ್ ಹಾಕೋಕೆ ಬರಲ್ಲ. ಡಿಕ್ಕಿ ತೆಗೆದು ನೋಡಿದ್ರೆ ಸ್ಟೆಪ್ನಿ ಅಂತ ಇಟ್ಟಿದ್ದು ಸೈಕಲ್ ಚಕ್ರದ ಅಣ್ಣನ ಥರ ಒಂದು ಸಣಕಲು ಟೈರು. ಅದ್ರಲ್ಲಿ ಆ ಕಲ್ಲು ದಾರೀಲಿ ವಾಪಸ್ ಬಂದ ಕತೆ ಹೇಳೋಕೆ ಈ ಪುಟ ಸಾಲಲ್ಲ. ಅದಕ್ಕೇ ಹೇಳೋದು, ಬುಕ್ ಮಾಡೋಕೆ ಮುಂಚೆ ಸ್ಟೆಪ್ನಿ ಮೇಲಿನ ಮುಚ್ಚಳ ಎತ್ತಿ ನೋಡಿ, ಉಳಿದ ನಾಲ್ಕರ ಸೈಜೇ ಇರ್ಬೇಕು.

ಟಾಪ್ ಎಂಡ್ ತಗೊಂಡು ಆಮೇಲೆ ಚಿಕ್ಕ ರಿಮ್ ಹಾಕ್ತೀನಿ ಅನ್ನೋವ್ರು ಬ್ರೇಕ್ ನೋಡ್ಕೊಳ್ಳಿ. ದೊಡ್ಡ ಎಂಜಿನ್ನಿನ ವೇರಿಯಂಟ್‌ಗೆ ಡಿಸ್ಕು, ಕ್ಯಾಲಿಪರು ದೊಡ್ಡದು ಕೊಟ್ಟಿರ್ತಾರೆ, ಚಿಕ್ಕ ರಿಮ್ ಒಳಗೆ ಅದು ಕೂರೋದೇ ಇಲ್ಲ.

ಪ್ರಶ್ನೆ: ಮ್ಯಾನ್ಯುಯಲ್ ಗೇರಾ ಆಟೋಮ್ಯಾಟಿಕ್ಕಾ? ಆಫ್‌ರೋಡ್‌ಗೆ ಮ್ಯಾನ್ಯುಯಲ್ಲೇ ಗಂಡು ಅಂತಾರೆ ಫ್ರೆಂಡ್ಸು.

ಉತ್ತರ: ನಿಮ್ಮ ಫ್ರೆಂಡ್ಸ್ ಹೇಳೋದು ಹಳೇ ಕಾಲದ ಮಾತು. ಕಲ್ಲಿನ ಏರಲ್ಲಿ ಕ್ಲಚ್ಚು, ಬ್ರೇಕು, ಆಕ್ಸಿಲರೇಟರು ಮೂರಕ್ಕೆ ಎರಡೇ ಕಾಲು ಸಾಲಲ್ಲ. ಕ್ಲಚ್ ಬದ್ಲು ಆಯಿಲ್ ಮೂಲಕ ಬಲ ದಾಟಿಸೋ ಟಾರ್ಕ್ ಕನ್ವರ್ಟರ್ ಇರೋ ಆಟೋಮ್ಯಾಟಿಕ್ ಆದ್ರೆ ಆಫ್ ಆಗೋ ಭಯ ಇಲ್ಲ, ಕ್ಲಚ್ ಸುಡೋ ವಾಸನೆ ಇಲ್ಲ. ಇಳಿಜಾರಲ್ಲಿ ಮ್ಯಾನ್ಯುಯಲ್ಲು ಎಂಜಿನ್ ಹಿಡಿತ ಚೆನ್ನಾಗಿ ಕೊಡುತ್ತೆ ಅನ್ನೋದು ನಿಜ. ನನ್ನದು ಮ್ಯಾನ್ಯುಯಲ್ಲೇ, ಹಟಕ್ಕೆ. ಆದ್ರೆ ವೇರಿಯಂಟ್ ಪಟ್ಟೀಲಿ ಗೇರ್‌ಬಾಕ್ಸ್ ಜೊತೆ ಬೇರೆ ಏನು ಕಟ್ಟಿಹಾಕಿದ್ದಾರೆ ಅಂತ ನೋಡಿ. 2021ರಲ್ಲಿ ಫೋರ್ಡ್ ಬ್ರಾಂಕೋ ಮತ್ತೆ ಬಂದಾಗ ಸಾಸ್ಕ್ವಾಚ್ ಅಂತ ಪ್ಯಾಕೇಜ್ ಕೊಟ್ರು, 35 ಇಂಚಿನ ಟೈರು, ಎರಡು ಲಾಕರು, ಎತ್ತರದ ಸಸ್ಪೆನ್ಷನ್ನು, ಅದೂ ಬೇಸ್ ವೇರಿಯಂಟ್‌ಗೂ ಹಾಕ್ಸ್ಕೋಬೋದಿತ್ತು. ಲೆದರು, ಸ್ಕ್ರೀನು ಬೇಡ, ಕೆಳಗಿನ ಸಾಮಾನು ಮಾತ್ರ ಕೊಡಿ ಅನ್ನೋವ್ರಿಗೆ ಹೇಳಿ ಮಾಡ್ಸಿದ್ದು, ಬೇರೆ ಕಂಪನಿಗಳೂ ಹೀಗೆ ಮಾಡ್ಬಾರ್ದಾ ಅಂತ ನನಗೆ ಹೊಟ್ಟೆಕಿಚ್ಚು. ಆದ್ರೆ ಮೊದ್ಲ ವರ್ಷ ಅದು ಆಟೋಮ್ಯಾಟಿಕ್‌ಗೆ ಮಾತ್ರ, ತೆವಳೋ ವೇಗಕ್ಕೆ ಅಂತಾನೇ ಕ್ರಾಲರ್ ಗೇರ್ ಇರೋ ಏಳು ಸ್ಪೀಡ್ ಮ್ಯಾನ್ಯುಯಲ್ ಬೇಕಂದವ್ರು ಮುಂದಿನ ವರ್ಷದ ತನಕ ಕಾಯ್ಬೇಕಾಯ್ತು.

ಪ್ರಶ್ನೆ: ಸ್ನಾರ್ಕಲ್ ಆಪ್ಷನ್ ಇದೆ. ಹಾಕ್ಸಿದ್ರೆ ಹೊಳೆ ದಾಟ್ಬೋದಾ?

ಉತ್ತರ: ಸ್ನಾರ್ಕಲ್ಲು ಅಂದ್ರೆ ಗಾಳಿ ಎಳೆಯೋ ಪೈಪು, ಎಂಜಿನ್ ಮೂಗನ್ನ ಮೇಲಕ್ಕೆತ್ತುತ್ತೆ, ಅಷ್ಟೇ. ಮಿಕ್ಕ ಗಾಡಿ ನೀರಲ್ಲೇ ಇರುತ್ತೆ. ಕಂಪನಿ ಹೇಳೋ ವೇಡಿಂಗ್ ಆಳ, ಅಂದ್ರೆ ಗಾಡಿ ಇಳಿಯಬಲ್ಲ ನೀರಿನ ಆಳ, ಥಾರ್‌ಗೆ 650 ಮಿಲಿಮೀಟರು, ಏರ್ ಸಸ್ಪೆನ್ಷನ್ ಇರೋ ಡಿಫೆಂಡರ್‌ಗೆ 900, ಹೀಗಿರುತ್ತಲ್ಲ, ಅದು ಸ್ನಾರ್ಕಲ್ ಹಾಕ್ಸಿದ ಮಾತ್ರಕ್ಕೆ ಏರಲ್ಲ. ದೂರ ಓಡಿಸ್ಕೊಂಡು ಬಂದಾಗ ಡಿಫರೆನ್ಷಿಯಲ್ ಕಾದಿರುತ್ತೆ, ತಣ್ಣೀರಿಗೆ ಇಳಿದ ತಕ್ಷಣ ಒಳಗಿನ ಗಾಳಿ ಕುಗ್ಗಿ ಸೀಲ್ ಸಂದೀಲಿ ನೀರು ಹೀರ್ಕೊಳ್ಳುತ್ತೆ. ಒಂದು ವಾರ ಆದ್ಮೇಲೆ ಪ್ಲಗ್ ಬಿಚ್ಚಿ ನೋಡಿದ್ರೆ ಆಯಿಲ್ ಬದ್ಲು ಹಾಲಿನ ಬಣ್ಣದ ಗಂಜಿ ಬರುತ್ತೆ. ಇದಕ್ಕೆ ಬೇಕಿರೋದು ಡಿಫರೆನ್ಷಿಯಲ್ ಉಸಿರಾಡೋ ಬ್ರೀದರ್ ಪೈಪನ್ನ ಎಂಜಿನ್ ಕೋಣೆಯ ಎತ್ತರಕ್ಕೆ ಎಳೆಯೋದು, ಸ್ನಾರ್ಕಲ್‌ಗಿಂತ ಎಷ್ಟೋ ಅಗ್ಗದ ಕೆಲ್ಸ. ಧೂಳು ದಾರೀಲಿ ಮಾತ್ರ ಸ್ನಾರ್ಕಲ್ಲಿಂದ ಲಾಭ ಇದೆ, ಮೇಲಿನ ಗಾಳಿ ಸ್ವಲ್ಪ ಶುದ್ಧ. ಹೊಳೆ ತುಂಬಿ ಹರೀತಿದ್ರೆ ಯಾವ ವೇರಿಯಂಟ್ ಆದ್ರೂ ವಾಪಸ್ ತಿರುಗ್ಸಿ.

ಪ್ರಶ್ನೆ: ಶೋರೂಮ್‌ನವ್ರು ಅಡ್ವೆಂಚರ್ ಪ್ಯಾಕ್ ಅಂತ ಹಗ್ಗ ಸುತ್ತಿ ಗಾಡಿ ಎಳೆಯೋ ವಿಂಚು, ಸ್ಟೀಲ್ ಬಂಪರು, ರೂಫ್ ರ‍್ಯಾಕು, ಏಣಿ ಎಲ್ಲಾ ಸೇರ್ಸಿ ಕೊಡ್ತಾರಂತೆ. ತಗೊಳ್ಳಾ? ಮನೇಲಿ ಐದು ಜನ.
– ಎಲ್ಲಾ ಬೇಕು ಅನ್ನೋವ್ರು

ಉತ್ತರ: ಐದು ಜನ ಅಂದ್ರಲ್ಲ, ಉತ್ತರ ಅಲ್ಲೇ ಇದೆ. ಗಾಡಿಯ ದಾಖಲೇಲಿ ಒಟ್ಟು ತೂಕದ ಮಿತಿ, ಖಾಲಿ ತೂಕ ಅಂತ ಎರಡು ಅಂಕಿ ಇರುತ್ತೆ, ಕಳೆದ್ರೆ ಉಳಿಯೋದು ಹೊರೋಕೆ ಅನುಮತಿ ಇರೋ ಭಾರ. ಅದು 500 ಕೆಜಿ ಅಂತಿಟ್ಕೊಳ್ಳಿ. ಐದು ಜನ ತಲಾ 70 ಅಂದ್ರೂ 350. ಉಳಿದಿದ್ದು 150. ವಿಂಚು, ಸ್ಟೀಲ್ ಬಂಪರು ಸೇರಿ 90 ತಿಂದ್ರೆ, ರ‍್ಯಾಕ್, ಏಣಿ 40 ತಿಂದ್ರೆ, ನಿಮ್ಮ ಲಗೇಜಿಗೆ 20 ಕೆಜಿ. ಟೆಂಟು, ನೀರಿನ ಕ್ಯಾನು ಎಲ್ಲಿಡ್ತೀರ? ಟಾಪ್ ವೇರಿಯಂಟ್ ಖಾಲಿ ತೂಕಾನೇ ಜಾಸ್ತಿ ಇರುತ್ತೆ, ಅಲ್ಲಿ ಈ ಲೆಕ್ಕ ಇನ್ನೂ ಬಿಗಿ.

ಸ್ಟೀಲ್ ಬಂಪರ್ ಹಾಕೋಕೆ ಮುಂಚೆ ಮುಂದೆ ರೇಡಾರ್ ಇದ್ಯಾ ನೋಡಿ, ಮುಂದಿನ ಗಾಡಿ ನೋಡಿ ವೇಗ ಹೊಂದಿಸೋ ಅಡಾಪ್ಟಿವ್ ಕ್ರೂಸು, ಆಟೋ ಬ್ರೇಕಿಂಗ್ ಇರೋ ಎಷ್ಟೋ ವೇರಿಯಂಟ್‌ಗಳಲ್ಲಿ ಅದು ಬಂಪರ್ ಹತ್ರನೇ ಇರುತ್ತೆ, ಕಬ್ಬಿಣ ಅಡ್ಡ ಬಂದ್ರೆ ಕುರುಡಾಗುತ್ತೆ.

ಪ್ಯಾಕ್‌ನಲ್ಲಿ ಎರಡು ಮಾತ್ರ ನಾನಾದ್ರೆ ಕೇಳ್ತಿದ್ದೆ. ಒಂದು, ಕಲ್ಲೇಟಿಂದ ತಳ ಕಾಯೋ ಸ್ಕಿಡ್ ಪ್ಲೇಟು. ಎರಡು, ಮುಂದೆ ಹಿಂದೆ ಚಾಸಿಗೇ ಬೋಲ್ಟ್ ಆಗಿರೋ, ಎಳೆಯೋಕೆ ಅಂತಾನೇ ತೂಕದ ರೇಟಿಂಗ್ ಇರೋ ರಿಕವರಿ ಪಾಯಿಂಟು. ಬಂಪರಿಗೆ ತಿರುಪೋ ಸಣ್ಣ ಕೊಂಡಿ ಕೆಟ್ಟ ಗಾಡಿನ ರಸ್ತೆ ಮೇಲೆ ಮೆಲ್ಲಗೆ ಎಳೆಯೋಕೆ, ಕೆಸರಿಂದ ಜಗ್ಗೋಕಲ್ಲ. ಟ್ರೈಲರ್ ಕಟ್ಟೋ ಕಬ್ಬಿಣದ ಉಂಡೆಗೆ ಅಂತೂ ಹಗ್ಗ ಹಾಕ್ಲೇಬೇಡಿ. ಅದು ಕಿತ್ತು ಬಂದ್ರೆ ಫಿರಂಗಿ ಗುಂಡಿನಂಗೆ ಬರುತ್ತೆ, ಜೀವ ಹೋಗಿದೆ ಜನರದ್ದು. ಇವೆರಡೂ ನೆಟ್ಟಗಿದ್ಯಾ ಅಂತ ನೋಡೋಕೆ ಡೆಲಿವರಿ ದಿನ ಹಳೇ ಬಟ್ಟೆ ಹಾಕ್ಕೊಂಡು ಹೋಗಿ, ಮೊಬೈಲ್ ಟಾರ್ಚ್ ಹಿಡ್ಕೊಂಡು ಗಾಡಿ ಕೆಳಗೆ ಅಂಗಾತ ಮಲ್ಕೊಳ್ಳಿ. ಸೇಲ್ಸ್ ಹುಡುಗ್ರು ನಗ್ತಾರೆ, ನಗ್ಲಿ.

ಪ್ರಶ್ನೆ: ಸೈಡ್ ಸ್ಟೆಪ್ ಬೇಕಾ ಸರ್? ಅಮ್ಮಂಗೆ ಮಂಡಿ ನೋವು.

ಉತ್ತರ: ಹಾಕ್ಸಿ. ಕಲ್ಲು ದಾರೀಲಿ ಮೊದ್ಲು ತಾಗೋದು ಅದೇ, ಬಗ್ಗುತ್ತೆ, ಬಗ್ಗಿದ್ರೆ ತಟ್ಟಿಸೋದು. ಅಮ್ಮ ಗಾಡಿ ಹತ್ತೋದು ಮುಖ್ಯ. ಬಂಡೆ ದಾರಿಗೆ ಹೋಗೋ ದಿನ ಬಿಚ್ಚೋಕೆ ಬರಂಗೆ ಬೋಲ್ಟ್ ಇರೋದು ಕೇಳಿ ತಗೊಳ್ಳಿ.

ಪ್ರಶ್ನೆ: ಇನ್ನು ಮೂರು ತಿಂಗಳಲ್ಲಿ ಸ್ಪೆಷಲ್ ಎಡಿಷನ್ ಬರುತ್ತಂತೆ, ಕಾಯ್ಲಾ?

ಉತ್ತರ: ಪಟ್ಟಿ ಬಂದ ದಿನ ಓದಿ ನೋಡಿ. ಲಾಕರು, ಗೇರ್ ಅನುಪಾತ, ಟೈರು, ಸಸ್ಪೆನ್ಷನ್ನು, ಇವುಗಳಲ್ಲಿ ಒಂದಾದ್ರೂ ಬದಲಾಗಿದ್ರೆ ಕಾದಿದ್ದಕ್ಕೆ ಸಾರ್ಥಕ. ಬಾಗಿಲ ಮೇಲೆ ಬೆಟ್ಟದ ಸ್ಟಿಕ್ಕರು, ಸೀಟ್ ಮೇಲೆ ಕೆಂಪು ಹೊಲಿಗೆ, ಕಪ್ಪು ರಿಮ್ಮು ಅಷ್ಟೇ ಇದ್ರೆ ಆ ಸ್ಟಿಕ್ಕರ್ ಅಂಗಡೀಲೇ ಸಿಗುತ್ತೆ, ಬೆಟ್ಟ ಬೇಡ ಅಂದ್ರೆ ಹುಲಿದೂ ಇರುತ್ತೆ.